ಅಂತೆ

ಚೌಕಾಸಿ ಮಾಡಲಿಲ್ಲ ನಾನು.
ಮಹದೇವಪೇಟೆಯ ಇಳಿಜಾರಿನ ಈ ಕೋಣೆಗೆ
ಕೇಳಿದಷ್ಟಕ್ಕೂ ಹ್ಞೂಂ ಅಂದೆ.
ಕಿಟಕಿ ತುಂಬ ಮಂಜಿತ್ತು.

ನೆಲದ ಬಿರುಕಲ್ಲಿ ಇನ್ನೂ ಗುಂಡುಸೂಜಿ ಸಿಗುತ್ತವೆ.
ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ
ಯಾರದೋ ತೋಳಿನಳತೆ: ಹದಿನಾಲ್ಕೂವರೆ.
ಸುಣ್ಣ ಬಳಿದುಬಿಡಿ ಎಂದರು ಮಾಲೀಕರು.
ಬಳಿದಿಲ್ಲ.

ಪುತ್ತರಿಗೆ ಮುಂಚೆ ಯಾರೋ ರವಿಕೆಬಟ್ಟೆ ಹಿಡಿದು ಬಂದರು.
"ಬೀಪಾತು ಇಲ್ವಾ?"
"ಸುಂಟಿಕೊಪ್ಪಕ್ಕೆ ಹೋದರಂತೆ" ಅಂದೆ.
ಆ ಅಂತೆಯ ಹಿಂದೆ,
ಬಾಗಿಲಿನ ಹಿಂದೆ ನಿಂತ ಹಾಗೆ, ನಿಂತುಕೊಂಡೆ
ಎರಡು ಸಾವಿರ ಹೆಚ್ಚಿಗೆ ಕೊಟ್ಟವನು.

ಪಕ್ಕದ ಮನೆಗೀಗ ಹೋಂಸ್ಟೇ ಬೋರ್ಡು.
ನಿನ್ನೆ ನಮ್ಮ ಮಾಲೀಕರೂ ಟೇಪು ಹಿಡಿದು ಬಂದು
ಗೋಡೆಯ ಉದ್ದ ಅಳೆದರು,
ನನ್ನ ಮುಖ ನೋಡದೆ.

ಸೂಜಿಗಳನ್ನೆಲ್ಲ ಬೆಂಕಿಪೊಟ್ಟಣಕ್ಕೆ ತುಂಬಿ
ಸುಂಟಿಕೊಪ್ಪದ ಬಸ್ಸು ಹತ್ತಿದ್ದೇನೆ.
ಹೊಲಿಸಲು ಏನೂ ಇಲ್ಲ ಕೈಯಲ್ಲಿ.