ಹೊಲಿಗೆ ಯಂತ್ರಕ್ಕೆ ಸಾವಿರದ ಒಂಬೈನೂರ ನಾಲ್ಕು

ಕಾಲೇಜಿನ ಬ್ಯಾಡ್ಮಿಂಟನ್ ಅಂಕಣ, ಹಳದಿ ಗೆರೆಗಳ ಮೇಲೆ
ಹದಿನಾಲ್ಕು ಟೇಬಲ್ಲು, ನಡುವೆ ಕೋಳಿಗೂಡಿನ ಜಾಲರಿ.
ಜಾಲರಿಯ ಈಚೆ ನಾನು, ಕೊರಳಲ್ಲಿ ಪಾಸು,
ಮುನಿಲಕ್ಷ್ಮಮ್ಮನ ಎಣಿಕೆ ಏಜೆಂಟು.
ಎಡಕ್ಕೊಂದು ದೊಡ್ಡ ಪಕ್ಷ, ಬಲಕ್ಕೊಂದು ದೊಡ್ಡ ಪಕ್ಷ,
ಇಬ್ಬರ ಬೆವರೂ ನನ್ನ ತೋಳಿಗೆ.

ಅವರಿಗೆ ಟೇಬಲ್ಲಿಗೊಬ್ಬ. ನಮಗೆ ನಾನೊಬ್ಬಳೇ.
ಉಳಿದವರಿಗೆ ರಜೆ ಸಿಗಲಿಲ್ಲ, ಶಿಪ್‌ಮೆಂಟ್ ಇತ್ತು.
ಮಿಕ್ಕ ಹದಿಮೂರರ ಅಂಕಿ ಮೈಕಿನಲ್ಲಿ ಬಂದಂತೆ ಬರೆದುಕೊಂಡೆ.

ಅಧಿಕಾರಿ ಯಂತ್ರವನ್ನೆತ್ತಿ ತೋರಿಸುತ್ತಾರೆ
ಮದುವೆಗೆ ಬಂದ ಉಡುಗೊರೆಯ ಹಾಗೆ.
ಅವರಿಗೆ ಮುನ್ನೂರ ಹನ್ನೆರಡು, ಇವರಿಗೆ ಇನ್ನೂರ ತೊಂಬತ್ತು,
ಹೊಲಿಗೆ ಯಂತ್ರಕ್ಕೆ ಒಂಬತ್ತು.
ಒಂಬತ್ತು. ಏಳು. ಹದಿನೆಂಟು. ಸೊನ್ನೆ.
ಸೊನ್ನೆಯನ್ನೂ ದುಂಡಗೆ ಬರೆದೆ.

ಹತ್ತು ಸುತ್ತು ನಮ್ಮನ್ನು ಯಾರೂ ನೋಡಲಿಲ್ಲ.
ಹದಿನೇಳಕ್ಕೆ ಅಂತರ ಕರಗತೊಡಗಿದಾಗ
ಎಡಗಡೆಯ ಚೌಡಪ್ಪ ನನ್ನ ಹಾಳೆಗೆ ಬಗ್ಗಿದ:
"ನಿಮ್ದೆಷ್ಟಮ್ಮಾ ಇಲ್ಲೀವರೆಗೆ?"
ಬೆಳಗಿನಿಂದ ಮೊದಲ ಸಲ ಒಬ್ಬರು ಕೇಳಿದ್ದು.
ಖುಷಿಯಾಗಿ ಹೇಳಿಬಿಟ್ಟೆ.

ಅವನವರು ಸೋತರು, ಆರುನೂರ ಹನ್ನೊಂದರಿಂದ.
ನಮ್ಮ ಠೇವಣಿ ಹೋಯಿತು.

ಗೇಟಿನಾಚೆ ಅವನು ಕೂಗಿದ:
"ಓಟು ಸೀಳಿದ್ರಿ! ನಿಮ್ಮಿಂದ ಹಾಳಾಯ್ತು!"
ಮುನಿಲಕ್ಷ್ಮಮ್ಮ ನಿಂತಳು, ಚಪ್ಪಲಿಯ ಪಟ್ಟಿ ಸರಿಮಾಡಿಕೊಂಡಳು.
"ಸೀಳೋದು ಕಟಿಂಗ್ ಸೆಕ್ಷನ್ ಕೆಲಸ ಕಣಪ್ಪ.
ಇಪ್ಪತ್ತೆರಡು ವರ್ಷದಿಂದ ನಾನು ಹೊಲಿಯೋ ಲೈನಲ್ಲಿದೀನಿ."

ಬೈಗುಳವನ್ನು ಬಸ್ಸಿನಲ್ಲೇ ಮರೆತೆವು.
ಮರೆಯಲಾಗದ್ದು ಸಂಜೆ ಬಂತು, ಬೈಕಿನಲ್ಲಿ:
ಗೆದ್ದವರ ಹುಡುಗ, ಎರಡು ಕೆ.ಜಿ. ಮೈಸೂರುಪಾಕು.
"ಅಣ್ಣ ಕಳಿಸಿದ್ರು. ನಿಮ್ಮ ಉಪಕಾರ ಮರೆಯಲ್ವಂತೆ."
ಲಗ್ಗೆರೆಯ ಓಣಿಯಲ್ಲಿ ತುಪ್ಪದ ಘಮ
ಎಂದೂ ಅಷ್ಟು ಕೆಟ್ಟದಾಗಿ ಬಂದಿರಲಿಲ್ಲ.

ಇಬ್ಬರ ಜಗಳ ಮೂರನೆಯವನಿಗೆ ಲಾಭ.
ಗಾದೆ ಕಟ್ಟಿದವರು ಠೇವಣಿ ಕಟ್ಟಿರಲಿಲ್ಲ.

ರಾತ್ರಿ ಲೆಕ್ಕಕ್ಕೆ ಕೂತೆ: ನಾವು ನಿಲ್ಲದೇ ಇದ್ದಿದ್ದರೆ?
ಗುಂಡಿ ಹಾಕುವ ನಗೀನಾ ಬೂತಿನ ಕಡೆ ತಲೆಯೇ ಹಾಕುತ್ತಿರಲಿಲ್ಲ.
ಇಸ್ತ್ರಿಯ ಆರೋಗ್ಯಸ್ವಾಮಿ ಗೆದ್ದವರಿಗೇ ಒತ್ತುತ್ತಿದ್ದ,
ಅವನೇ ಹೇಳಿದ, ಮುಚ್ಚುಮರೆಯಿಲ್ಲದೆ.
ಮೂರನೇ ಕ್ರಾಸಿನ ಅಜ್ಜಿ ಒತ್ತಿದ್ದು
ಮೆಷಿನ್ನು ಪುಕ್ಕಟೆ ಸಿಗುತ್ತದೆಂಬ ಆಸೆಗೆ;
ನಿನ್ನೆಯೂ ಕೇಳಿದಳು, ಯಾವಾಗ ಕೊಡ್ತೀರಿ?
ಇದರಲ್ಲಿ ಚೌಡಪ್ಪನ ಪಾಲು ಯಾವುದು, ಎಲ್ಲಿಂದ ಕಳೆಯಲಿ?

ಕೊನೆಯ ವಾರ ಅವನ ಪಕ್ಷದ ಕರಪತ್ರದಲ್ಲಿ
"ರಾತ್ರಿ ಪಾಳಿಯ ಹೆಣ್ಣುಮಕ್ಕಳಿಗೆ ಬಸ್ಸು" ಎಂದು ಅಚ್ಚಾಗಿತ್ತು.
ಅದು ನಮ್ಮ ಸಾಲು.
"ಪಾಳಿ"ಯಲ್ಲಿ ಇದ್ದ ಕಾಗುಣಿತದ ತಪ್ಪೂ ನಮ್ಮದೇ.
ನಾವಿಲ್ಲದಿದ್ದರೆ ಆ ತಪ್ಪು ಅವರಿಗೆಲ್ಲಿ ಸಿಗುತ್ತಿತ್ತು?

ಮುನಿಲಕ್ಷ್ಮಮ್ಮ ನನ್ನ ಹಾಳೆ ತೆಗೆದುಕೊಂಡು
ಬೂತು ಬೂತಾಗಿ ಬೆರಳಿಟ್ಟಳು,
ಪೀಸು ಎಣಿಸುವ ಸೂಪರ್‌ವೈಸರಳ ಹಾಗೆ.
"ನಮ್ಮ ಬೂತಲ್ಲಿ ಯೂನಿಯನ್ನೋರೇ ಮೂವತ್ತೊಂದು ಜನ.
ಬಂದಿರೋದು ಮೂವತ್ತು."
ಕನ್ನಡಕ ತೆಗೆದಳು.
"ಯಾರದೋ ಬೆರಳು ಜಾರಿರಬೇಕು, ಬಿಡು."

ಜಾರಿರಲಿಲ್ಲ.
ಹಿಂದಿನ ರಾತ್ರಿ ಟಿ.ವಿ.ಯಲ್ಲಿ ಒಬ್ಬ ಹೇಳುತ್ತಿದ್ದ,
ಓಟು ಹಾಳುಮಾಡಿಕೊಳ್ಳಬೇಡಿ, ಗೆಲ್ಲೋರಿಗೆ ಹಾಕಿ,
ಇಲ್ಲದಿದ್ರೆ ನಿಮಗೆ ಬೇಡದವರು ಬರ್ತಾರೆ.
ಒಳ್ಳೆಯವನ ಹಾಗೇ ಹೇಳುತ್ತಿದ್ದ.
ಬೂತಿನಲ್ಲಿ, ಗಾಜಿನ ಹಿಂದೆ, ಏಳು ಸೆಕೆಂಡು
ಚೀಟಿ ನಿಂತಿತ್ತು, ಚೌಡಪ್ಪನವರ ಗುರುತು ಹೊತ್ತು.
ಏಳು ಸೆಕೆಂಡಿನಲ್ಲಿ ಜೇಬಿನ ಒಂದು ಬದಿ ಹೊಲಿದುಬಿಡುತ್ತೇನೆ ನಾನು.
ಆಮೇಲೆ ಕತ್ತರಿಸಿದ ದಾರದ ಹಾಗೆ
ಅದು ಒಳಗೆ ಬಿತ್ತು.

ಡಬ್ಬಕ್ಕೆ ಇರುವೆ ಹತ್ತಿತ್ತು. ಯಾರೂ ಬಿಚ್ಚಿರಲಿಲ್ಲ.
"ನಾಳೆ ಏಳಕ್ಕೆ ಲೈನು, ಮಲಕ್ಕೋ ಹೋಗು," ಎಂದಳು.
ಹೂಂ ಅಂದೆ.
ಹಾಳೆಯನ್ನು ಮಡಿಸಿ ಅವಳ ಕೈಗೇ ಕೊಟ್ಟೆ.