ನೂರರಲ್ಲಿ ಏಳು ಕಳೆದರೆ

ಬಾಗಿಲ ಹೊರಗೇ ಶುರು ಮಾಡು, ಅಂದಿದ್ದರು ವಿಸೋತ್ ಸರ್,
ಚಪ್ಪಲಿ ಬಿಡುವಾಗಲೇ ನೋಡು.
ನೋಡಿದೆ.
ಎಡಗಾಲಿನದು ನೀಲಿ, ಬಲಗಾಲಿನದು ಹಸಿರು.
ಬರೆದುಕೊಂಡೆ: ಉಡುಗೆ ತೊಡುಗೆಯ ಮೇಲೆ ಗಮನವಿಲ್ಲ.
ಆಮೇಲೆ ಗೊತ್ತಾಯಿತು, ಬಸ್ಸಿನಲ್ಲಿ ಯಾರೋ
ಅವಳದೊಂದು ಮೆಟ್ಟಿಕೊಂಡು ಇಳಿದುಬಿಟ್ಟಿದ್ದರು.
ಹೊಡೆದು ಹಾಕಿದೆ.

ಹೆಸರು ಕಿಮ್‌ಲಿಯಾಂಗ್. ವಯಸ್ಸು ನಲವತ್ತೇಳು.
ಬಟ್ಟಂಬಾಂಗಿನ ಸಂತೆಕಟ್ಟೆಯಲ್ಲಿ
ಮೀನಿಗೆ ಉಪ್ಪು ಹಾಕಿ, ಹುಳಿಯಿಸಿ, ಪ್ರಹೋಕ್ ಮಾರುವವಳು.
ಅವಳಿಗಿಂತ ಮೊದಲು ವಾಸನೆ ಬಂದು ಕುರ್ಚಿಯಲ್ಲಿ ಕೂತಿತು.

ಏನು ತೊಂದರೆ?
"ಗಾಳಿ."
ಅಂಗಾಲಲ್ಲಿ ಹುಟ್ಟಿ, ಹೊಟ್ಟೆಯ ದಾರಿ ಹಿಡಿದು ಎದೆಗೆ,
ಎದೆಯಿಂದ ಕತ್ತಿಗೆ,
ಕತ್ತಿನ ನರ ಹರಿದು ಹೊರಬಿದ್ದರೆ ಮುಗಿಯಿತಂತೆ ಕತೆ.
ಎಷ್ಟು ಹೊತ್ತು?
"ಅನ್ನಕ್ಕಿಟ್ಟ ನೀರು ಕುದಿ ಬರುವಷ್ಟು."
ಹತ್ತು ನಿಮಿಷ ಎಂದು ಬರೆದೆ.
ಬೆವರು? ಹೌದು. ಕೈ ಜುಮ್ಮು? ಹೌದು.
ಈಗಲೇ ಸಾಯುತ್ತೇನೆ ಅನಿಸುವುದು?
"ಅನಿಸುವುದೇನು ಮಗಳೇ, ಸಾಯುತ್ತೇನೆ.
ಆಮೇಲೆ ಎದ್ದು ಪಾತ್ರೆ ತೊಳೆಯುತ್ತೇನೆ."

ಕಾಲರು ಸರಿಸಿದರೆ ಕತ್ತಿನಿಂದ ಬೆನ್ನಿಗೆ
ಕೆಂಪು ಬರೆ, ಸಾಲು ಸಾಲು.
ಬೇರೆ ದೇಶದವರಾದರೆ ಬೆಚ್ಚಿಬೀಳುತ್ತಿದ್ದರು.
ನನಗೆ ಗೊತ್ತು, ಎಣ್ಣೆ ಸವರಿ ನಾಣ್ಯದಲ್ಲಿ ಉಜ್ಜಿ
ಗಾಳಿ ಇಳಿಸಿದ ಗುರುತು ಅದು;
ನನ್ನಜ್ಜಿಯ ನಾಣ್ಯ ಈಗಲೂ ನನ್ನ ಪರ್ಸಿನಲ್ಲಿದೆ.
ಆದರೂ ಕೇಳಿದೆ: ಮನೆಯಲ್ಲಿ ಯಾರಾದರೂ ಕೈ ಮಾಡುತ್ತಾರಾ?
ಕೇಳಬೇಕು.
ಗೊತ್ತು ಅಂದುಕೊಂಡದ್ದೇ ಹೆಚ್ಚು ಮೋಸ ಮಾಡುವುದು.
ಇಲ್ಲ, ಅಂದಳು. ಕಣ್ಣು ತಪ್ಪಿಸಲಿಲ್ಲ.

ಮನಸ್ಸು ಹೇಗಿದೆ?
"ಎದೆಯ ನೀರು ಬಿದ್ದುಹೋಗಿದೆ."
ನಮ್ಮೂರಲ್ಲಿ ಎಲ್ಲರೂ ಹಾಗೇ ಅನ್ನುತ್ತೇವೆ, ಬಸ್ಸು ತಪ್ಪಿದರೂ.
ಎಷ್ಟು ಬಿದ್ದಿದೆ?
ನಮೂನೆಯಲ್ಲಿಲ್ಲದ ಪ್ರಶ್ನೆ, ಬಾಯಿ ಜಾರಿತು.
ಅವಳು ಬಗ್ಗಿ, ಮೊಣಕಾಲಿನ ಕೆಳಗೆ
ಅಂಗೈ ಅಡ್ಡ ಹಿಡಿದು ತೋರಿಸಿದಳು.

ನೂರರಲ್ಲಿ ಏಳು ಕಳೆಯಿರಿ. ಮತ್ತೆ ಏಳು. ಮತ್ತೆ.
ನಮ್ಮ ಭಾಷೆಯಲ್ಲಿ ಏಳಕ್ಕೆ ಸ್ವಂತ ಹೆಸರಿಲ್ಲ,
ಐದು-ಎರಡು ಅನ್ನುತ್ತೇವೆ.
ತೊಂಬತ್ತಮೂರು, ಎಂಬತ್ತಾರು, ಎಪ್ಪತ್ತೊಂಬತ್ತು,
ಚಿಲ್ಲರೆ ಎಣಿಸಿ ಪಳಗಿದ ನಾಲಿಗೆ
ನನಗಿಂತ ಮುಂದೆ ಓಡಿ
ಎಪ್ಪತ್ತೆರಡರಲ್ಲಿ ನಿಂತಿತು.
ಏಕಾಗ್ರತೆ ಕಡಿಮೆ, ಎಂದು ಬರೆಯಲು ಪೆನ್ನು ಎತ್ತಿದ್ದೆ.
"ಎಪ್ಪತ್ತೆರಡು," ಅಂದಳು, "ದೋಣಿಯ ನಂಬರು."

ಒಂದೇ ಜಾಡಿಗೆ ಇಬ್ಬರೂ ಉಪ್ಪು ಸುರಿಯುತ್ತಿದ್ದ ಗೆಳತಿ
ಥಾವಿ ಅದರಲ್ಲಿದ್ದಳು. ಮೂರು ವರ್ಷದ ಹಿಂದೆ.
ಗಾಳಿ ಶುರುವಾದದ್ದು?
"ಎರಡು ತಿಂಗಳು. ಅವಳ ಜಾಗದಲ್ಲಿ
ಮೊಬೈಲ್ ಕವರ್ ಮಾರುವ ಹುಡುಗ ಕೂತ ಮೇಲೆ."

ಕೊನೆಗೆ, ಗಂಟಲು ಒಣಗಿಸುವ ಪ್ರಶ್ನೆ.
ಕೇಳಿದರೆ ಬಿತ್ತಿದಂತಲ್ಲ, ಅಂದಿದ್ದರು ಸರ್,
ಕೇಳದಿದ್ದರೆ ಒಬ್ಬಳೇ ಹೊತ್ತುಕೊಂಡು ವಾಪಸು ಹೋಗುತ್ತಾಳೆ.
ಬದುಕು ಬೇಡ ಅನಿಸಿದ್ದುಂಟೆ?
ಗೋಡೆಯ ಫ್ಯಾನು ಒಂದು ಸುತ್ತು ತಿರುಗಿ ಬಂತು.
"ಒಂದು ದಿನ ಅನಿಸಿತ್ತು.
ಅವತ್ತೇ ಮೂವತ್ತು ಕೆಜಿ ಮೀನು ಬಂತು.
ತಲೆ ಕತ್ತರಿಸುವವರು ಯಾರು?"
ನಕ್ಕಳು. ನಾನು ನಗಲಿಲ್ಲ.
ಮತ್ತೆ ಕೇಳಿದೆ, ಈ ಸಲ ಪೆನ್ನು ಕೆಳಗಿಟ್ಟು.
ಈಗ ಇಲ್ಲ, ಅಂದಳು. ಬಂದರೆ ಮಗಳಿಗೆ ಹೇಳುತ್ತೇನೆ. ನಿನಗೂ.

ಥೈರಾಯ್ಡ್, ಸಕ್ಕರೆ, ರಕ್ತದ ಕಬ್ಬಿಣ, ಒಂದು ಇಸಿಜಿ;
ಮೊದಲು ಮೈಯ ಅಂಗಡಿ ಬಾಗಿಲು ತಟ್ಟಿ ಬರೋಣ.
ಕಾಯಿಲೆಯ ಹೆಸರಿಗೆಂದು ಬಿಟ್ಟ ಚೌಕ
ಬೆಂಕಿಪೊಟ್ಟಣದಷ್ಟೂ ಇಲ್ಲ.
ಪೆನ್ಸಿಲಿನಲ್ಲಿ ಎರಡು ಹೆಸರು, ಪಕ್ಕಕ್ಕೊಂದು ಪ್ರಶ್ನೆ.

"ಗಾಳಿಗೆ ನಿಮ್ಮ ಪುಸ್ತಕದಲ್ಲಿ ಏನಂತಾರೆ?"
ಹೇಳಿದೆ.
ಬಾಯಲ್ಲಿಟ್ಟು, ಉಪ್ಪು ನೋಡುವ ಹಾಗೆ ಚಪ್ಪರಿಸಿದಳು.
"ರುಚಿ ಇಲ್ಲ. ಇರಲಿ ಬರಿ,
ಹೆಸರಿದ್ದರೆ ಬೈಯೋಕಾದರೂ ಆಗುತ್ತೆ."

ಮುಂದಿನ ಗುರುವಾರ, ಎಂಟೂವರೆಗೆ.
ಹೊಸಿಲ ಹೊರಗೆ ನೀಲಿಗೊಂದು ಕಾಲು, ಹಸಿರಿಗೊಂದು ಕಾಲು ತೂರಿಸಿ
ತಿರುಗಿ ನಿಂತಳು:
"ಅರವತ್ತೈದು."

ಸರಿಯೇ ಎಂದು
ನಾನು ಬೆರಳೆಣಿಸಿ ನೋಡಬೇಕಾಯಿತು.