ಹನ್ನೊಂದನೇ ಖೋಲಿ

ಸೋಲಾಪುರದ ಸರಕಾರಿ ದವಾಖಾನೆಯಲ್ಲಿ
ಹನ್ನೊಂದನೇ ಖೋಲಿ ತೊಗಲಿನದು.
ಮಂಗಳವಾರ, ಶುಕ್ರವಾರ.
ಡಾಕ್ಟರರ ಬಾಯಿ ಮರಾಠಿ, ಸಾಲಿನ ಕಿವಿ ಕನ್ನಡ,
ನಡುವೆ ನಾನು,
ಬಿಳಿ ಏಪ್ರನ್ನು ತೊಟ್ಟ ಒಂದು ಬಾಗಿಲು.

ಅವರೆಂದರು: ತ್ವಚೆ ಒಣಗಬಾರದು.
ನಾನೆಂದೆ: ನಿಂಬೆವ್ವ,
ಮೈ ಹಸಿ ಇದ್ದಾಗಲೇ ಎಣ್ಣಿ ಹಚ್ಚಕೋ.
ಟಾವೆಲ್ಲಿಲೆ ಗಸಗಸ ತಿಕ್ಕಬ್ಯಾಡ,
ಕೂಸಿನ ಗಲ್ಲ ಒರಸಿಧಂಗ
ಒತ್ತಿ ಒತ್ತಿ ಬಿಡು.

ನಕ್ಕಳು. ನಗದೆ ಏನು,
ಹದಿನಾರು ವರ್ಷ ಟಾವೆಲ್ಲಿನ ಕಾರಖಾನೆಯಲ್ಲಿ
ನೂಲಿನ ಲಡಿ ಬಣ್ಣಕ್ಕೆ ಅದ್ದಿದವಳು.
ಸೋಮವಾರ ಕೆಂಪು, ಬುಧವಾರ ಹಸಿರು,
ಉಗುರಿನ ಅಂಚಿನಲ್ಲೇ ಅವಳ ಕ್ಯಾಲೆಂಡರು.
ಯಾರ್‍ಯಾರದೋ ಮುಖ ಒರೆಸುವ ಮೆತ್ತನೆ ಅರಿವೆ
ಅವಳ ಕೈ ದಾಟಿಯೇ ಹೋಗುತ್ತದೆ,
ಆ ಕೈ ಮಾತ್ರ ಬೆರಳಸಂದಿಯಲ್ಲಿ
ಕಟಕ ರೊಟ್ಟಿಯ ಅಂಚಿನಂತೆ ಬಿರಿದಿದೆ.

ಸೌಮ್ಯ ಸಾಬೂನು, ಎಂದರು.
ಅವರು ಬರೆದ ಹೆಸರಿನ ಬೆಲೆ ನನಗೆ ಗೊತ್ತು.
ಅರಿವೆ ಒಗಿಯೂ ಸಾಬಾಣ ಮಾರಿಗೆ ಬ್ಯಾಡವ್ವ,
ಕಡ್ಲಿಹಿಟ್ಟು ಸಾಕು, ಅದೂ ದಿನಾ ಬ್ಯಾಡ.
ಸುಡು ಸುಡು ನೀರು ಬ್ಯಾಡ.
ಕೆರೆತ ಬಂದರೆ ಉಗುರು ಹಚ್ಚಬ್ಯಾಡ,
ತಣ್ಣನೆ ಅರಿವಿ ಸುತ್ತು.

ಹನ್ನೊಂದರಿಂದ ನಾಲ್ಕರವರೆಗೆ
ಬಿಸಿಲಿಗೆ ಹೋಗಕೂಡದು ಎನ್ನು, ಎಂದರು.
ನಾನು ಹಾಗೆ ಅನ್ನಲಿಲ್ಲ.
ಅವಳ ಪಾಳಿ ಬಿಡುವುದೇ ಒಂದು ಗಂಟೆಗೆ,
ಸೋಲಾಪುರದ ಒಂದು ಗಂಟೆ
ಮುಚ್ಚಳ ತೆಗೆದ ಒಲೆ.
ಸೆರಗು ತುಂಬ ಹೊದ್ಕೊಂಡು ಹೋಗು,
ಗ್ವಾಡಿ ನೆರಳು ಹಿಡಕೊಂಡು ಹೋಗು ಅಂದೆ.

ಎಂಟು ತಾಸು ನಿದ್ದೆ.
'ನಿದ್ದಿಗೂ ಚೀಟಿ ಬರೀತಾರೇನವ್ವ,
ಔಷಧದ ಅಂಗಡ್ಯಾಗ ಸಿಗತೈತೇನು?'
ಅಂದವಳು ತಾನೇ ನಗಲಿಲ್ಲ.

ಆಮೇಲೆ ನೀರು. ದಿನಕ್ಕೆ ಹತ್ತು ಗ್ಲಾಸು.
ಅದಕ್ಕವಳು ದನಿ ಇಳಿಸಿದಳು:
'ಕುಡಿದರೆ ಏಳಬೇಕು,
ಕಕ್ಕಸು ಅಂಗಳದ ಆಚೆ ತುದಿಗೆ.
ಎದ್ದರೆ ಮುಕಾದಮ ಗಡಿಯಾರ ನೋಡ್ತಾನ.
ಬಾಯಿ ಒಣಗಿಸಿಕೊಂಡು ಕುಂದ್ರೂದು ರೂಢಿಯಾಗೇತಿ.'

ಕಾಯ್ ಮ್ಹಣತಾತ? ಎಂದರು ಡಾಕ್ಟರು,
ಪೆನ್ನು ಮುಂದಿನ ಹೆಸರಿಗೆ ಹೊರಟಿತ್ತು.
ಎರಡೂ ಭಾಷೆ ಬರುವ ನನಗೆ
ಆಗ ಒಂದೂ ಬರಲಿಲ್ಲ.
ಹೂಂ ಅಂತಾಳ್ರಿ, ಅಂದುಬಿಟ್ಟೆ.

ಚೀಟಿಯ ಹಿಂದೆ ಕನ್ನಡದಲ್ಲಿ ಬರೆದುಕೊಟ್ಟೆ.
ಮಗಳು ಆರನೇತ್ತೆ, ಕನ್ನಡ ಸಾಲಿ,
ಓದಿ ಹೇಳ್ತಾಳ ಅಂದಳು.

ಆ ರಾತ್ರಿ ಹೋಟಗಿ ರಸ್ತೆಯ ಮನೆಯಲ್ಲಿ
ನನ್ನ ಕೈ ನೋಡಿಕೊಂಡೆ.
ದಿನಕ್ಕೆ ಅರವತ್ತು ಸಲ ತೊಳೆದ ಕೈ,
ಸ್ಪಿರಿಟಿಗೆ ಬೆಳ್ಳಗಾದ ಗೆಣ್ಣು.
ಹನ್ನೊಂದು ವರ್ಷ ಊರಿಗೆಲ್ಲ ಹೇಳಿದೆ,
ಈ ಎರಡಕ್ಕೆ ಹೇಳಲಿಲ್ಲ.
ಕುಸುಬಿ ಎಣ್ಣೆ ನಾಲ್ಕು ಹನಿ. ಉರಿಯಿತು.
ಉರಿ ಆರುವವರೆಗೂ
ಅವಳ ಅಂಗಳದ ಉದ್ದ ಅಳೆಯುತ್ತಿದ್ದೆ.

ತಿಂಗಳ ಮೇಲೆ ಬಂದಳು.
ಬೆರಳಸಂದಿ ಪೂರಾ ಅಲ್ಲ, ಅರ್ಧ ಕೂಡಿತ್ತು.
'ಈಗ ಆರು ಮಂದಿ ಒಮ್ಮೆಲೇ ಏಳ್ತೀವಿ.
ಅವನಾದರೂ ಎಷ್ಟಂತ ಗಡಿಯಾರ ನೋಡ್ಯಾನು!'
ಡಾಕ್ಟರು ತಲೆ ಎತ್ತಿದರು.
ಈ ಸಲ ಅಂಗಳ, ಗಡಿಯಾರ, ಕಕ್ಕಸು
ಒಂದೂ ಬಿಡದೆ ಮರಾಠಿಯಲ್ಲಿ ಹೇಳಿದೆ.
ಅವರು ಪೆನ್ನು ಕೆಳಗಿಟ್ಟರು.

ಹಳೆಯ ಚೀಟಿ ಮೇಜಿನ ಮೇಲಿತ್ತು.
ಎಣ್ಣೆಗೈಯಲ್ಲಿ ದಿನಾ ಹಿಡಿದು ಹಿಡಿದು
ನಡುವೆ ರೂಪಾಯಿಯಗಲ ಜಿಡ್ಡು.
ಬೆಳಕಿಗೆ ಹಿಡಿದರೆ ಅಷ್ಟು ಜಾಗದಲ್ಲಿ
ಮುಂದಿನ ಮರಾಠಿ, ಹಿಂದಿನ ಕನ್ನಡ
ಒಂದರ ಮೈಮೇಲೊಂದು.
ಓದಲು ಬರುವಂತಿರಲಿಲ್ಲ.
ಬೆರಳಿಟ್ಟೆ. ಮೆತ್ತಗಿತ್ತು.